ಕಾಲಿನ ‘ನರ’ ಕಟ್ಟಿದರೆ ಎದೆ, ಮೂತ್ರ, ಕಣ್ಣು ಯಾಕೆ ನೋಡುತ್ತಾರೆ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿ. ತಂದೆಗೆ 61 ವರ್ಷ, ಒಕ್ಕಲುತನ. ಹನ್ನೆರಡು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಬೀಡಿ ಚಟ ಬಿಟ್ಟಿಲ್ಲ. ಹೊಲಕ್ಕೆ ಹೋಗುವಾಗ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಸ್ವಲ್ಪ ನಿಂತರೆ ಬಿಡುತ್ತದೆ. ಕಲಬುರಗಿಯಲ್ಲಿ ತೋರಿಸಿದಾಗ ‘ಕಾಲಿನ ನರ ಬ್ಲಾಕ್ ಆಗಿದೆ’ ಎಂದರು. ಹಿಂದೆಯೇ ಇಸಿಜಿ, ಎಕೋ, ಮೂತ್ರ, ಕಣ್ಣಿನ ಪರೀಕ್ಷೆ ಬರೆದುಕೊಟ್ಟರು. ಕಾಲು ನೋವೆಂದು ಹೋದವರಿಗೆ ಇಷ್ಟೆಲ್ಲ ಯಾಕೆ? ಇದು ಒಂದು ಕಾಯಿಲೆಯೋ, ನಾಲ್ಕೋ? ಎಲ್ಲ ಅಂಗಗಳ ರಕ್ತನಾಳಕ್ಕೂ ಸೇರಿ ಒಂದೇ ಮಾತ್ರೆ ಬಂದಿದೆಯಂತೆ, ನಿಜವೇ? ಊರಲ್ಲಿ ಕೆಲವರು ಬೋರ್ ನೀರಿನಿಂದ ಹೀಗಾಗುತ್ತದೆ ಎನ್ನುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಈ ‘ನರ’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ನರ ಎಂದರೆ ರಕ್ತ ಹರಿಯುವ ನಾಳವೂ ಹೌದು, ಸ್ಪರ್ಶ, ನೋವು ತಿಳಿಸುವ ನಿಜವಾದ ನರವೂ ಹೌದು. ಸಲೈನ್ ಹಚ್ಚುವಾಗ ಸಿಸ್ಟರ್ ‘ನರ ಸಿಗವಲ್ದು ನೋಡ್ರಿ’ ಎಂದು ಕೈ ತಟ್ಟಿ ತಟ್ಟಿ ಹುಡುಕುವುದು ರಕ್ತನಾಳವನ್ನು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ನರ ದೌರ್ಬಲ್ಯಕ್ಕೆ ಶರ್ತಿಯಾ ಇಲಾಜು’ ಎಂದು ಬರೆದಿರುತ್ತಾರಲ್ಲ, ಅದು ಏನೆಂದು ಬರೆದವನಿಗೂ ಗೊತ್ತಿರಲಿಕ್ಕಿಲ್ಲ. ಪದ ಒಂದೇ ಆದದ್ದರಿಂದ ಕಾಲಿಗೆ ರಕ್ತ ಸಾಲದವರು ನ್ಯೂರೋ ಡಾಕ್ಟರ ಬಾಗಿಲಲ್ಲಿ ಟೋಕನ್ ಹಿಡಿದು ಕೂತಿರುತ್ತಾರೆ, ಪಾದ ಉರಿಯುವವರು ಹೃದಯದ ಡಾಕ್ಟರ ಬಳಿ. ಶುಗರ್ ಇದ್ದವರಲ್ಲಿ ಎರಡೂ ಒಟ್ಟಿಗೆ ಕೆಟ್ಟಿರಬಹುದು ಎಂಬುದು ಇನ್ನೊಂದು ತೊಡಕು.

ನೋವಿನ ಚಾಲಿಯೇ ಬಹಳಷ್ಟು ಹೇಳಿಬಿಡುತ್ತದೆ. ರಕ್ತ ಸಾಲದ ನೋವು ನಡೆದಾಗ ಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬರುತ್ತದೆ, ನಿಂತ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಕೂರಬೇಕೆಂದಿಲ್ಲ, ನಿಂತರೆ ಸಾಕು. ಶುಗರಿನಿಂದ ನಿಜವಾದ ನರ ಕೆಟ್ಟವರಿಗೆ ರಾತ್ರಿ ಹಾಸಿಗೆಯಲ್ಲಿ ಎರಡೂ ಅಂಗಾಲು ಉರಿಯುತ್ತವೆ, ಜುಮುಜುಮು ಎನ್ನುತ್ತವೆ. ಸೊಂಟದ ಮೂಳೆಯಲ್ಲಿ ನರ ಒತ್ತಿಕೊಂಡಿದ್ದರೆ ಸುಮ್ಮನೆ ನಿಂತರೆ ಸಾಲದು, ಕೂರಬೇಕು ಇಲ್ಲವೆ ಮುಂದಕ್ಕೆ ಬಾಗಬೇಕು. ನಿಮ್ಮ ತಂದೆಯವರದು ನೀವು ಬರೆದ ಪ್ರಕಾರ ಮೊದಲನೆಯದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಹೊಸದಾಗಿ ಪ್ರಾಕ್ಟೀಸಿಗೆ ಕೂತ ದಿನಗಳು. ಒಬ್ಬ ಮುತ್ಯಾ ಬಂದು, ‘ಎರಡು ಹೊಲ ದಾಟೂದ್ರಾಗ ಕಾಲು ಹಿಡಿತಾವ್ರಿ ಸಾಹೇಬ್ರ’ ಎಂದರು. ಶುಗರ್ ಇದೆಯೆಂದು ಕೇಳಿಕೊಂಡೆ, ನರದ ತೊಂದರೆ ಎಂದು ತೀರ್ಮಾನಿಸಿದೆ, ಬಿ12 ಗುಳಿಗೆ ಬರೆದೆ. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಲು ಅರ್ಧ ನಿಮಿಷ ಬೇಕು, ಅದನ್ನು ನೋಡಲಿಲ್ಲ. ಏಳು ತಿಂಗಳ ಮೇಲೆ ಅವರನ್ನು ಮಕ್ಕಳು ಎತ್ತಿಕೊಂಡು ತಂದರು, ಹಾರ್ಟ್ ಅಟ್ಯಾಕ್. ಬದುಕಿದರು, ಆದರೆ ಹೃದಯ ಅರ್ಧಕ್ಕೆ ಇಳಿದಿತ್ತು. ಆಗ ಪಾದ ಮುಟ್ಟಿದರೆ ಎರಡೂ ಕಾಲಲ್ಲಿ ನಾಡಿಯೇ ಇಲ್ಲ. ಏಳು ತಿಂಗಳು ಮುಂಚೆಯೇ ಕಾಲು ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ನಿಮ್ಮ ತಂದೆಯವರ ಕಾಲಿಗೆ ಮಾಡಿರಬಹುದಾದ ಪರೀಕ್ಷೆ ಎಷ್ಟು ಸರಳ ಎಂದರೆ ಹೇಳಲು ಸಂಕೋಚವಾಗುತ್ತದೆ. ಮಲಗಿಸಿ, ಬಿಪಿ ಪಟ್ಟಿಯನ್ನು ತೋಳಿಗೆ ಬದಲು ಹಿಮ್ಮಡಿಯ ಮೇಲ್ಗಡೆ ಸುತ್ತುತ್ತೇವೆ. ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿಗೆ ಜೆಲ್ ಹಚ್ಚಿ ಪಾದದ ಮೇಲೆ ಇಟ್ಟರೆ ‘ವುಶ್, ವುಶ್’ ಎಂದು ರಕ್ತ ಓಡುವ ಸದ್ದು ಇಡೀ ಕೋಣೆಗೆ ಕೇಳಿಸುತ್ತದೆ. ಗಾಳಿ ತುಂಬಿದಾಗ ಸದ್ದು ನಿಲ್ಲುತ್ತದೆ, ಇಳಿಸುತ್ತ ಬಂದ ಹಾಗೆ ಒಂದು ಅಂಕಿಗೆ ಮತ್ತೆ ಶುರುವಾಗುತ್ತದೆ. ತೋಳಿನಲ್ಲಿ ಅದು 150, ಹಿಮ್ಮಡಿಯಲ್ಲಿ 90 ಎಂದಿಟ್ಟುಕೊಳ್ಳಿ. ಭಾಗಿಸಿದರೆ 0.6. ಇದು 0.9ಕ್ಕಿಂತ ಕೆಳಗಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದರ್ಥ. ಒಂದು ಎಚ್ಚರಿಕೆ: ಬಹಳ ವರ್ಷ ಶುಗರ್ ಇದ್ದವರ ಕಾಲಿನ ರಕ್ತನಾಳಕ್ಕೆ ಸುಣ್ಣದಂಶ ಕೂಡಿ ಅದು ಬಿದಿರಿನ ಹಾಗೆ ಗಟ್ಟಿಯಾಗಿರುತ್ತದೆ, ಪಟ್ಟಿ ಒತ್ತಿದರೂ ಒತ್ತುವುದಿಲ್ಲ. ಆಗ ಅಂಕಿ 1.4 ದಾಟುತ್ತದೆ. ಅದನ್ನು ‘ಭಾರಿ ಚಲೋ ಐತಿ’ ಎಂದು ಓದಿ ಮನೆಗೆ ಕಳಿಸಿದ್ದನ್ನೂ ಕಂಡಿದ್ದೇನೆ. ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಒಂದೋ ನಾಲ್ಕೋ. ಕಾಯಿಲೆ ಒಂದೇ, ಅದು ತೋರುವ ಜಾಗ ನಾಲ್ಕು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಪೂರ್ತಿ ನಿಜ ಹಾಗಿಲ್ಲ, ಸಂಶೋಧನೆಯ ಸ್ವಾರಸ್ಯವೆಲ್ಲ ಇರುವುದು ಅಲ್ಲಿಯೇ.

ರಕ್ತನಾಳವನ್ನು ನಾವೆಲ್ಲ ನಳದ ಪೈಪು ಎಂದೇ ತಿಳಿದಿದ್ದೆವು. ಒಳಗೆ ಕೊಬ್ಬು ಕಟ್ಟುತ್ತದೆ, ಉಜ್ಜಿ ತೆಗೆದರೆ ಆಯಿತು. ಈ ತಿಳಿವಳಿಕೆಗೆ ಪೆಟ್ಟು ಬಿದ್ದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಯೋಗಾಲಯದಲ್ಲಿ. ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಔಷಧಿ ಹಾಕಿ ನೋಡುತ್ತಿದ್ದರು. ಅಸಿಟೈಲ್‌ಕೋಲಿನ್ ಹಾಕಿದರೆ ಒಂದು ಪಟ್ಟಿ ಸಡಿಲವಾಗುತ್ತದೆ, ಇನ್ನೊಂದು ಸಡಿಲವಾಗುವುದಿಲ್ಲ. ವ್ಯತ್ಯಾಸ ಔಷಧಿಯಲ್ಲಿ ಇರಲಿಲ್ಲ. ಪಟ್ಟಿ ತಯಾರಿಸುವಾಗ ಒಳಮೈ ತಿಕ್ಕಿ ಹೋಗಿದ್ದರೆ ಅದು ಸಡಿಲವಾಗುತ್ತಿರಲಿಲ್ಲ. ಅಲ್ಲಿಯವರೆಗೆ ಬರೀ ಅಸ್ತರಿ ಬಟ್ಟೆ ಎಂದುಕೊಂಡಿದ್ದ ಒಂದೇ ಪದರದ ಆ ತೆಳು ಪೊರೆ, ಎಂಡೋಥೀಲಿಯಂ, ‘ಸಡಿಲಾಗು’ ಎಂದು ಗೋಡೆಯ ಸ್ನಾಯುವಿಗೆ ಹೇಳುತ್ತಿತ್ತು. 1980ರಲ್ಲಿ ಇದನ್ನು ಪ್ರಕಟಿಸಿದರು. ಹೇಳುವ ಆ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು. ಎದೆನೋವು ಇದ್ದವರು ಜೇಬಿನಲ್ಲಿಟ್ಟುಕೊಂಡು ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಗುಳಿಗೆ ಕೊಡುವುದೂ ಇದೇ ಅನಿಲವನ್ನೇ.

ಈ ಪೊರೆ ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲ ರಕ್ತನಾಳಗಳ ಒಳಗೂ ಇದೆ. ಶುಗರ್, ಬೀಡಿ ಹೊಗೆ, ಏರಿದ ಬಿಪಿ, ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಮೊದಲು ಹೊಡೆಯುವುದು ಇದನ್ನೇ. ಪೊರೆ ಬಳಲಿದ ಕಡೆ ಕೊಲೆಸ್ಟರಾಲ್ ಗೋಡೆಯ ಒಳಕ್ಕೆ ನುಸುಳುತ್ತದೆ, ಅದನ್ನು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ಅಲ್ಲೇ ಸಾಯುತ್ತವೆ, ಉರಿಯೂತ ಏಳುತ್ತದೆ. ಇಷ್ಟರಮಟ್ಟಿಗೆ ಕಾಯಿಲೆ ಒಂದೇ.

ಆದರೆ ಅದೇ ರಕ್ತ, ಅದೇ ಶುಗರ್, ಅದೇ ಬೀಡಿ ಇದ್ದೂ ಎಲ್ಲ ರಕ್ತನಾಳಗಳೂ ಸಮನಾಗಿ ಕೆಡುವುದಿಲ್ಲ. ನಿಮ್ಮ ಕಡೆಯವರಿಗೆ ನಾರಾಯಣಪುರ ಎಡದಂಡೆ ಕಾಲುವೆ ಗೊತ್ತಿದೆ. ನೆಟ್ಟಗೆ ಹರಿಯುವಲ್ಲಿ ಹೂಳು ನಿಲ್ಲುವುದಿಲ್ಲ. ಉಪಕಾಲುವೆ ಕವಲೊಡೆಯುವ ಮೂಲೆಯಲ್ಲಿ, ನೀರು ಸುತ್ತು ಹೊಡೆದು ಮೆಲ್ಲಗಾಗುವಲ್ಲಿ ನಿಲ್ಲುತ್ತದೆ. ರಕ್ತನಾಳದಲ್ಲೂ ಕವಲಿನ ಆ ನಿಧಾನದ ಮೂಲೆಗಳೇ ಮೊದಲು ಕೆಡುತ್ತವೆ: ಕುತ್ತಿಗೆಯ ಕವಲು, ಹೃದಯದ ಎಡ ಕವಲು, ತೊಡೆಯ ಬುಡ. ರಕ್ತ ನೇರವಾಗಿ ಉಜ್ಜಿಕೊಂಡು ಹರಿಯುವ ಕಡೆ ಪೊರೆ ಚುರುಕಾಗಿರುತ್ತದೆ. ಸುಳಿ ಇರುವ ಕಡೆ ಅದರ ಜೀನುಗಳ ನಡವಳಿಕೆಯೇ ಬೇರೆ. ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು ಇಳಿಯುವ ಇಂಟರ್ನಲ್ ಮ್ಯಾಮರಿ ಎಂಬ ರಕ್ತನಾಳವಂತೂ ಎಪ್ಪತ್ತು ವರ್ಷದ ಬೀಡಿ ಸೇದುವವರಲ್ಲೂ ಸಾಮಾನ್ಯವಾಗಿ ಸ್ವಚ್ಛವಾಗಿಯೇ ಇರುತ್ತದೆ. ಪಕ್ಕದಲ್ಲೇ, ಒಂದು ಗೇಣಿನಾಚೆ, ಹೃದಯದ ರಕ್ತನಾಳ ಮುಚ್ಚಿಹೋಗಿರುತ್ತದೆ. ಬೈಪಾಸ್ ಮಾಡುವ ಸರ್ಜನ್ನರು ಅದನ್ನೇ ತಿರುಗಿಸಿ ಹೃದಯಕ್ಕೆ ಹೊಲಿಯುವುದು ಇದಕ್ಕಾಗಿ.

ಕಾಲುವೆಯ ಮಾತು ಒಂದು ಹಂತದವರೆಗೆ ಮಾತ್ರ ಹೊಂದುತ್ತದೆ. ಹೂಳು ಕಾಲುವೆಯ ತಳದ ಮೇಲೆ ಕೂರುತ್ತದೆ, ಕೊಬ್ಬು ಗೋಡೆಯ ಒಳಗೆ. 1987ರಲ್ಲಿ ಶಿಕಾಗೋದ ಸೀಮೋರ್ ಗ್ಲಾಗೋವ್ ತಂಡ ಸತ್ತವರ 136 ಹೃದಯಗಳನ್ನು ಕೊಯ್ದು ಅಳೆದು ತೋರಿಸಿತು: ಕೊಬ್ಬು ಬೆಳೆದಂತೆ ರಕ್ತನಾಳ ಹೊರಕ್ಕೆ ಉಬ್ಬಿ ದಾರಿಯನ್ನು ತೆರೆದೇ ಇಟ್ಟುಕೊಳ್ಳುತ್ತದೆ, ಸುಮಾರು ಶೇ 40ರಷ್ಟು ಜಾಗ ಕೊಬ್ಬು ತುಂಬುವವರೆಗೂ. ಅಂದರೆ ಆಂಜಿಯೋಗ್ರಾಂನಲ್ಲಿ ದಾರಿ ನುಣ್ಣಗೆ ಕಂಡರೂ ಗೋಡೆ ಒಳಗಿಂದ ಕೆಟ್ಟಿರಬಹುದು. ‘ಆಂಜಿಯೋ ನಾರ್ಮಲ್ ಬಂತ್ರಿ, ಗುಳಿಗಿ ಬಿಟ್ಟೀನಿ’ ಎಂದು ಬರುವವರಿಗೆ ನಾನು ಈ 136 ಹೃದಯಗಳ ಕಥೆಯನ್ನೇ ಹೇಳುವುದು.

ಶತ್ರುಗಳಿಗೂ ತಮ್ಮ ತಮ್ಮ ಇಷ್ಟದ ಜಾಗಗಳಿವೆ. ಬೀಡಿ ಹೆಚ್ಚಾಗಿ ಹೊಟ್ಟೆಯ ಕೆಳಭಾಗದಿಂದ ತೊಡೆಯವರೆಗಿನ ರಕ್ತನಾಳವನ್ನು ಹಿಡಿಯುತ್ತದೆ. ಶುಗರ್ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಹಿಡಿಯುತ್ತದೆ, ಅದಕ್ಕೇ ಸ್ಟೆಂಟ್ ಹಾಕಲು ಅವು ತಂಟೆ ಕೊಡುತ್ತವೆ. ಬಿಪಿ ಮೆದುಳಿನ ಆಳಕ್ಕೆ ಇಳಿಯುವ ಕೂದಲೆಳೆಯಂಥ ನಾಳಗಳನ್ನು ಹಿಡಿಯುತ್ತದೆ. ಒಂದೊಂದು ಲಕ್ವಾ ಇಡೀ ಕೈಕಾಲು ಬೀಳಿಸುತ್ತದೆ, ಇನ್ನೊಂದು ಸದ್ದಿಲ್ಲದೆ ನೆನಪನ್ನು ಮಾತ್ರ ಕೊರೆಯುತ್ತದೆ. ಈ ಭೇದದ ಒಂದು ಕಾರಣ ಇಲ್ಲಿದೆ. ನಿಮ್ಮ ತಂದೆಯವರಿಗೆ ಮೂರೂ ಇವೆ.

ಮೂತ್ರ ಯಾಕೆ ಎಂದು ಕೇಳಿದ್ದೀರಿ. ಒಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಜರಡಿಗಳಿವೆ. ಪ್ರತಿಯೊಂದೂ ಸೂಕ್ಷ್ಮ ರಕ್ತನಾಳಗಳ ಉಂಡೆ. ಒಳಪೊರೆ ಕೆಟ್ಟರೆ ರಕ್ತದ ಅಲ್ಬುಮಿನ್ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿ ‘ಕಿಡ್ನಿ ಹೋಯ್ತು’ ಎನ್ನುವ ಹೊತ್ತಿಗೆ ಅರ್ಧ ಕೆಲಸ ನಿಂತಿರುತ್ತದೆ, ಅಲ್ಬುಮಿನ್ ಅದಕ್ಕೂ ಎಷ್ಟೋ ವರ್ಷ ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಒಂದು ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ ಅದು ಕಿಡ್ನಿಯ ಸುದ್ದಿ ಮಾತ್ರ ಆಗಿರುವುದಿಲ್ಲ, ಹೃದಯಕ್ಕೂ ಲಕ್ವಾಕ್ಕೂ ಅಪಾಯ ಹೆಚ್ಚಿದೆ ಎಂದು ಲೆಕ್ಕ. ನಾಲ್ಕು ಪರೀಕ್ಷೆಗಳಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಹೇಳುವುದು ಇದೇ. ನಮ್ಮಲ್ಲಿ ಅತಿ ಹೆಚ್ಚು ಮರೆಯುವುದೂ ಇದನ್ನೇ.

ಕಣ್ಣು ಇನ್ನೂ ವಿಶೇಷ. ಚರ್ಮ ಕೊಯ್ಯದೆ ಜೀವಂತ ರಕ್ತನಾಳವನ್ನು ನೇರವಾಗಿ ನೋಡಲು ಸಿಗುವ ಜಾಗ ಕಣ್ಣಿನ ಹಿಂಪರದೆ. 1908ರಲ್ಲಿ ಜಪಾನಿನ ಮಿಕಿಟೊ ತಕಯಾಸು ಎಂಬ ಕಣ್ಣಿನ ವೈದ್ಯರು ಒಬ್ಬ ಯುವತಿಯ ಕಣ್ಣಲ್ಲಿ ರಕ್ತನಾಳಗಳು ಹೂಮಾಲೆಯಂತೆ ಸುತ್ತಿಕೊಂಡಿದ್ದನ್ನು ಕಂಡರು. ಅದು ಕಣ್ಣಿನ ಕಾಯಿಲೆಯೇ ಅಲ್ಲ, ಮಹಾಧಮನಿಯೂ ಅದರ ಕವಲುಗಳೂ ಉರಿಯೂತದಿಂದ ಕಟ್ಟಿಕೊಳ್ಳುವ ಕಾಯಿಲೆ ಎಂದು ಆಮೇಲೆ ತಿಳಿಯಿತು. ಈಗ ಅದಕ್ಕೆ ಅವರದೇ ಹೆಸರು. ಕೈ ನಾಡಿ ಸಿಗದ ಎಳೆಯ ಹೆಣ್ಣುಮಕ್ಕಳು ಬಂದರೆ ನಾವು ಮೊದಲು ನೆನೆಯುವುದು ತಕಯಾಸು ಹೆಸರನ್ನು. ಇತ್ತ 2018ರಲ್ಲಿ ಗೂಗಲ್‌ನ ಸಂಶೋಧಕರು 2,84,335 ಜನರ ಕಣ್ಣಿನ ಚಿತ್ರಗಳನ್ನು ಕಂಪ್ಯೂಟರಿಗೆ ಕಲಿಸಿದರು. ಬರೀ ಹಿಂಪರದೆಯ ಫೋಟೋ ನೋಡಿ ಅದು ಆ ಮನುಷ್ಯನ ವಯಸ್ಸು, ಹೊಗೆ ಸೇದುತ್ತಾನೋ ಇಲ್ಲವೋ, ಬಿಪಿ ಸುಮಾರು ಎಷ್ಟು ಎಂದು ಊಹಿಸಿತು. ನಿಮ್ಮ ತಂದೆಯವರ ಕಣ್ಣಿನ ಪರೀಕ್ಷೆಯಿಂದ ನಮಗೆ ಸದ್ಯ ಬೇಕಾದದ್ದು ಅಷ್ಟು ದೊಡ್ಡದಲ್ಲ: ಹಿಂಪರದೆಯಲ್ಲಿ ರಕ್ತದ ಚುಕ್ಕೆ ಇದೆಯೇ, ದೃಷ್ಟಿ ಉಳಿಸಲು ಲೇಸರ್ ಬೇಕೇ.

ಇವೆಲ್ಲವನ್ನೂ ಒಟ್ಟಿಗೆ ನೋಡಿದ ದೊಡ್ಡ ಅಧ್ಯಯನ ರೀಚ್. 44 ದೇಶಗಳ 67 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿತು. ಹೃದಯದ ಕಾಯಿಲೆ ಇದ್ದ ನಾಲ್ವರಲ್ಲಿ ಒಬ್ಬರಿಗೆ ಬೇರೆ ಕಡೆಯೂ ರಕ್ತನಾಳದ ಕಾಯಿಲೆ ಇತ್ತು. ಕಾಲಿನದು ಇದ್ದವರಲ್ಲಿ ಐವರಿಗೆ ಮೂವರು! ವರ್ಷದೊಳಗೆ ಹೃದಯಾಘಾತ, ಲಕ್ವಾ, ಅದೇ ಕಾರಣದ ಸಾವು ಅಥವಾ ಆಸ್ಪತ್ರೆ ಸೇರುವುದು, ಇವನ್ನೆಲ್ಲ ಕೂಡಿಸಿ ನೋಡಿದರೆ ಒಂದು ಕಡೆ ಮಾತ್ರ ಕಾಯಿಲೆ ಇದ್ದವರಲ್ಲಿ ಶೇ 12.6, ಎರಡು ಕಡೆ ಇದ್ದರೆ ಶೇ 21.1, ಹೃದಯ, ಮೆದುಳು, ಕಾಲು ಮೂರೂ ಕಡೆ ಇದ್ದರೆ ಶೇ 26.3. ನಿಮ್ಮ ಡಾಕ್ಟರು ಇಸಿಜಿ ಬರೆದದ್ದು ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು.

ಹಾಗಾದರೆ ತಲೆಯಿಂದ ಪಾದದವರೆಗೆ ಸ್ಕ್ಯಾನ್ ಮಾಡಿಸಿ, ಕಟ್ಟಿದಲ್ಲೆಲ್ಲ ಸ್ಟೆಂಟ್ ಹಾಕಿಸಿಬಿಡಬೇಕೇ? ಬೇಡ. ಇಲ್ಲಿ ನನ್ನ ಸಹವೃತ್ತಿಯವರಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಕಾಲಿನ ಅಥವಾ ಹೊಟ್ಟೆಯ ರಕ್ತನಾಳದ ದೊಡ್ಡ ಆಪರೇಷನ್‌ಗೆ ಮುಂಚೆ ಹೃದಯವನ್ನು ಮೊದಲು ಸರಿಪಡಿಸಿದರೆ ಒಳ್ಳೆಯದಾಗುತ್ತದೆಯೇ ಎಂದು ಅಮೆರಿಕದಲ್ಲಿ 510 ಜನರನ್ನು ಎರಡು ಗುಂಪು ಮಾಡಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಮೊದಲು ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಲ್ಲಿ ಶೇ 22, ಮಾಡಿಸಿಕೊಳ್ಳದವರಲ್ಲಿ ಶೇ 23 ಜನ ತೀರಿಕೊಂಡಿದ್ದರು. ವ್ಯತ್ಯಾಸವೇ ಇಲ್ಲ. ಕಿಡ್ನಿಗೆ ಹೋಗುವ ರಕ್ತನಾಳ ಸಣ್ಣಗಾದವರಿಗೆ ಅದನ್ನು ಸ್ಟೆಂಟಿನಿಂದ ತೆರೆದು ನೋಡಿದ ಕೋರಲ್ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು, ಬರೀ ಔಷಧಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 65ರಿಂದ 74 ವರ್ಷದ 46 ಸಾವಿರ ಗಂಡಸರ ಅಧ್ಯಯನದಲ್ಲಿ ಒಂದು ಗುಂಪನ್ನು ಸಿ.ಟಿ. ಸ್ಕ್ಯಾನ್, ಕಾಲಿನ ಒತ್ತಡ, ರಕ್ತ ಎಲ್ಲ ಪರೀಕ್ಷೆಗೆ ಕರೆದರು. ಐದು ವರ್ಷದ ನಂತರವೂ ಸಾವು ಖಚಿತವಾಗಿ ಕಡಿಮೆಯಾಯಿತು ಎನ್ನುವಷ್ಟು ಅಂತರ ಬರಲಿಲ್ಲ.

ಹಾಗಾಗಿ ನಿಮ್ಮ ಚೀಟಿಯಲ್ಲಿರುವ ನಾಲ್ಕರಲ್ಲಿ ಇಸಿಜಿ, ಮೂತ್ರ, ಕಣ್ಣು ಕಣ್ಣುಮುಚ್ಚಿ ಮಾಡಿಸಿ. ಎಕೋ ಮಾಡಿಸಿದರೆ ತಪ್ಪಿಲ್ಲ, ದುಡ್ಡಿನ ತೊಂದರೆಯಿದ್ದರೆ ಇಸಿಜಿ ನೋಡಿ ನಿರ್ಧರಿಸಬಹುದು. ಕಾಲಿನ ಸಿ.ಟಿ. ಆಂಜಿಯೋ ಬೇಕಾಗುವುದು ಸ್ಟೆಂಟೋ ಬೈಪಾಸೋ ಮಾಡಲೇಬೇಕು ಎಂದಾದಾಗ. ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ವಾಸಿಯಾಗದ ಹುಣ್ಣು ಇದ್ದರೆ, ಬೆರಳು ಕಪ್ಪಾಗಿದ್ದರೆ ಆ ಮಾತು. ನಡೆದಾಗ ಮಾತ್ರ ನೋವು ಎಂದರೆ ಮೊದಲ ಕೆಲವು ತಿಂಗಳು ಔಷಧಿ, ನಡಿಗೆ.

ಇಷ್ಟು ದಿನ ಈ ತಿಳಿವಳಿಕೆ ಯಾಕೆ ಚದುರಿಹೋಗಿತ್ತು ಎಂದರೆ, ನನಗನ್ನಿಸುವ ಮಟ್ಟಿಗೆ, ಅರ್ಧ ಕಾರಣ ಆಸ್ಪತ್ರೆಗಳ ಬೋರ್ಡುಗಳು. ಕಲಬುರಗಿಯಲ್ಲಿ ಈಗ ಜಯದೇವದ 371 ಹಾಸಿಗೆಯ ಆಸ್ಪತ್ರೆ ಬಂದಿದೆ. 371(ಜೆ) ಕಲಮಿನ ನೆನಪಿಗೆ ಅಷ್ಟೇ ಹಾಸಿಗೆ ಇಟ್ಟರು, ಒಳ್ಳೆಯ ಮಾತು. ಅದು ಹೃದಯಕ್ಕೆ. ಕಿಡ್ನಿಗೆ ಇನ್ನೊಂದು ಕಟ್ಟಡ, ಕಣ್ಣಿಗೆ ಶಿಬಿರ, ಪಾದದ ಹುಣ್ಣಿಗೆ ಸರ್ಜರಿ ವಾರ್ಡು. ಒಬ್ಬರೇ ರೋಗಿ ನಾಲ್ಕು ಫೈಲು ಹೊತ್ತು ತಿರುಗುತ್ತಾರೆ, ನಾಲ್ಕರಲ್ಲೂ ಒಂದೇ ರಕ್ತನಾಳದ ಕಥೆ. ಸಂಶೋಧನೆಗೆ ಹಣ ಕೊಡುವವರೂ ಬಹುಕಾಲ ಅಂಗವಾರು ಹಂಚಿಯೇ ಕೊಟ್ಟರು.

ಒಂದೇ ಮಾತ್ರೆಯ ವಿಷಯ. ಅಂಥ ಮಾತ್ರೆ ಬಂದಿಲ್ಲ. ಆದರೆ ಹತ್ತಿರ ಹತ್ತಿರ ಬಂದವು ಕೆಲವಿವೆ, ಅವುಗಳಲ್ಲಿ ಹಳೆಯದು ನಿಮ್ಮ ತಂದೆಯವರ ಚೀಟಿಯಲ್ಲಿ ಇದ್ದೇ ಇರುತ್ತದೆ: ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್. ಜಪಾನಿನ ಅಕಿರಾ ಎಂಡೊ ಸಾವಿರಾರು ಬಗೆಯ ಬೂಷ್ಟುಗಳನ್ನು ಸೋಸಿ ನೋಡಿ, ಕ್ಯೋಟೋದ ಅಕ್ಕಿಯಲ್ಲಿ ಸಿಕ್ಕ ಒಂದು ಬೂಷ್ಟಿನಿಂದ 1970ರ ದಶಕದಲ್ಲಿ ಮೊದಲ ಸ್ಟಾಟಿನ್ ತೆಗೆದರು. 2002ರಲ್ಲಿ ಬ್ರಿಟನ್ನಿನ 20,536 ಜನರ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಹೃದಯದ ಕಾಯಿಲೆ ಇಲ್ಲದೆ ಬರೀ ಶುಗರ್ ಇದ್ದವರು, ಬರೀ ಕಾಲಿನ ರಕ್ತನಾಳ ಕೆಟ್ಟವರೂ ಇದ್ದರು. ಹೃದಯಾಘಾತ, ಲಕ್ವಾ, ಸ್ಟೆಂಟು ಬೈಪಾಸುಗಳ ಅಗತ್ಯ ಎಲ್ಲ ಸೇರಿ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಯಿತು, ಶುರುವಿನಲ್ಲಿ ಕೊಲೆಸ್ಟರಾಲ್ ಎಷ್ಟೇ ಇದ್ದಿರಲಿ. ‘ಕೊಲೆಸ್ಟರಾಲ್ ನಾರ್ಮಲ್ ಅದ, ಗುಳಿಗಿ ಯಾಕ’ ಎಂದು ತಂದೆಯವರು ಕೇಳಿದರೆ ಇದನ್ನು ಹೇಳಿ.

ಎರಡನೆಯದು 2017ರ ಕಂಪಾಸ್ ಅಧ್ಯಯನ. 27,395 ಜನ. ಆಸ್ಪಿರಿನ್ ಜೊತೆ ರಿವರೋಕ್ಸಬಾನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು 2.5 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಟ್ಟರು. ಬರೀ ಆಸ್ಪಿರಿನ್ ತೆಗೆದುಕೊಂಡವರಿಗೆ ಹೋಲಿಸಿದರೆ ಹೃದಯಾಘಾತ, ಲಕ್ವಾ, ಹೃದಯದ ಸಾವು ಒಟ್ಟು ಶೇ 5.4ರಿಂದ 4.1ಕ್ಕೆ ಇಳಿಯಿತು. ಕಾಲು ಕಳೆದುಕೊಳ್ಳುವ ಅಪಾಯವೂ ತಗ್ಗಿತು. ಆದರೆ ದೊಡ್ಡ ರಕ್ತಸ್ರಾವ ಶೇ 1.9ರಿಂದ 3.1ಕ್ಕೆ ಏರಿತು. ಹೊಟ್ಟೆಹುಣ್ಣು ಇದ್ದವರಿಗೆ, ಮೊಣಕಾಲು ನೋವಿಗೆಂದು ದಿನಾ ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವವರಿಗೆ ನಾನು ಇದನ್ನು ಬರೆಯಲು ಹಿಂಜರಿಯುತ್ತೇನೆ.

ಮೂರನೆಯದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಮೂತ್ರದಲ್ಲಿ ಸಕ್ಕರೆಯನ್ನು ಹೊರಗೆ ಹಾಕುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಬಂದದ್ದು ಶುಗರಿಗೆ. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಅಧ್ಯಯನದಲ್ಲಿ ಹೃದಯ-ರಕ್ತನಾಳದ ಸಾವು ಶೇ 38ರಷ್ಟು ಕಡಿಮೆಯಾದಾಗ ಎಲ್ಲರೂ ಬೆರಗಾದರು. 2019ರಲ್ಲಿ ಕೆನಾಗ್ಲಿಫ್ಲೋಜಿನ್ ಕಿಡ್ನಿ ಕೆಡುವುದನ್ನು ಶೇ 30ರಷ್ಟು ತಡೆಯಿತು. ಹೃದಯಕ್ಕೂ ಸರಿ, ಕಿಡ್ನಿಗೂ ಸರಿ, ಎಲ್ಲ ಕಡೆಗೂ ಇದೇ ಎನ್ನುವಷ್ಟರಲ್ಲಿ ಪಾದ ಅಡ್ಡ ಬಂದಿತ್ತು. 2017ರ ಅಧ್ಯಯನವೊಂದರಲ್ಲಿ ಅದೇ ಕೆನಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಬೆರಳು, ಪಾದ ಕತ್ತರಿಸಬೇಕಾದದ್ದು ವರ್ಷಕ್ಕೆ ಸಾವಿರಕ್ಕೆ 3.4ರ ಬದಲು 6.3. ಅಮೆರಿಕ ಆ ಔಷಧಿಯ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿತು. ಮುಂದಿನ ಅಧ್ಯಯನದಲ್ಲಿ ಆ ಅಪಾಯ ಮತ್ತೆ ಕಾಣದೆ 2020ರಲ್ಲಿ ಆ ಚೌಕಟ್ಟನ್ನು ತೆಗೆಸಿತು. ಒಂದು ಅಂಗದ ರಕ್ತನಾಳಕ್ಕೆ ಒಳ್ಳೆಯದಾದದ್ದು ಎಲ್ಲ ಕಡೆಗೂ ಒಳ್ಳೆಯದು ಎಂದು ಊಹಿಸಬಾರದು, ಪ್ರತಿ ಅಂಗದಲ್ಲೂ ಎಣಿಸಿಯೇ ನೋಡಬೇಕು ಎಂದು ಈ ಪ್ರಕರಣದಿಂದ ನಾವೆಲ್ಲ ಪಾಠ ಹೇಳಿಸಿಕೊಂಡೆವು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎರಡನ್ನೂ ಈಗ ನಮ್ಮ ದೇಶದ ಹಲವು ಕಂಪನಿಗಳು ಮಾಡುತ್ತವೆ, ಬೆಲೆ ಬಹಳ ಇಳಿದಿದೆ. ಮೂತ್ರದಲ್ಲಿ ಅಲ್ಬುಮಿನ್ ಬಂದರೆ ಇವುಗಳಲ್ಲಿ ಒಂದನ್ನು ಕೊಡಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಪಾದದಲ್ಲಿ ಹುಣ್ಣಿದ್ದರೆ ಮೊದಲೇ ಹೇಳಿ.

ಇತ್ತೀಚಿನದು 2025ರ ಸ್ಟ್ರೈಡ್. ಶುಗರ್ ಜೊತೆ ನಿಮ್ಮ ತಂದೆಯವರಂಥದ್ದೇ ಕಾಲುನೋವು ಇದ್ದ 792 ಜನರಿಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚುಮದ್ದು ಅಥವಾ ಅದರಂತೆ ಕಾಣುವ ಖಾಲಿ ಮದ್ದು ಕೊಟ್ಟರು. ಒಂದು ವರ್ಷದ ಮೇಲೆ ಮದ್ದು ಪಡೆದವರು ಉಳಿದವರಿಗಿಂತ ಸುಮಾರು ಶೇ 13 ಹೆಚ್ಚು ದೂರ ನಡೆದರು. ಒಳ್ಳೆಯ ಸುದ್ದಿಯೇ. ಆದರೂ ಪುಕ್ಕಟೆಯ ನಡಿಗೆ ಚಿಕಿತ್ಸೆ ಶುರು ಮಾಡದೆ ದುಬಾರಿ ಚುಚ್ಚುಮದ್ದಿನ ಬಗ್ಗೆ ಕೇಳುವವರಿಗೆ ನಾನು ಸ್ವಲ್ಪ ತಡೆಯಿರಿ ಎನ್ನುತ್ತೇನೆ.

ಆ ನಡಿಗೆ ಹೀಗೆ. ಬೆಳಿಗ್ಗೆ ಐದೂವರೆಗೆ, ನಮ್ಮ ಬಿಸಿಲು ಏರುವ ಮುಂಚೆ. ಊರಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಕರೆಂಟಿನ ಕಂಬಗಳಿರುತ್ತವೆ, ಅವೇ ಅಳತೆ. ನೋವು ಶುರುವಾದರೂ ನಿಲ್ಲಬಾರದು, ತಡೆದುಕೊಳ್ಳುವಷ್ಟು ಬಲಿಯುವವರೆಗೆ ನಡೆದು ಆಮೇಲೆ ನಿಲ್ಲಬೇಕು. ಬಿಟ್ಟ ಮೇಲೆ ಮತ್ತೆ. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ಎಷ್ಟನೇ ಕಂಬಕ್ಕೆ ನೋವು ಬಂತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರನೇ ಕಂಬಕ್ಕೆ ನಿಲ್ಲುತ್ತಿದ್ದವರು ಹದಿನಾಲ್ಕಕ್ಕೆ ಮುಟ್ಟಿ ನನಗೆ ಫೋನು ಮಾಡಿ ಹೇಳಿದ್ದಿದೆ. ನಡೆಯುವಾಗ ಎದೆ ಹಿಡಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ನೋವು ಬಂದಾಗ ನಡೆದರೆ ನರ ಹರಿಯುತ್ತದೆ ಎಂಬ ಹೆದರಿಕೆ ಬೇಡ, ಹರಿಯುವುದಿಲ್ಲ.

ಬೀಡಿಯ ವಿಷಯ ಉದ್ದ ಮಾಡುವುದಿಲ್ಲ. ಮೇಲಿನ ಯಾವ ಔಷಧಿಯೂ ಬೀಡಿ ಬಿಟ್ಟಷ್ಟು ಕೆಲಸ ಕಾಲಿಗೆ ಮಾಡುವುದಿಲ್ಲ. ಬೀಡಿ ಬಿಟ್ಟು ತಂಬಾಕು-ಸುಣ್ಣ ತಿಕ್ಕಿ ಬಾಯಿಗಿಟ್ಟುಕೊಂಡರೆ ಹೊಗೆ ಹೋಯಿತು, ನಿಕೋಟಿನ್ ಉಳಿಯಿತು.

ಬೋರ್ ನೀರಿನ ಮಾತನ್ನು ನಾನು ನಗುತ್ತಾ ತಳ್ಳಿಹಾಕುವವನಲ್ಲ. ತೈವಾನಿನ ನೈಋತ್ಯ ಕರಾವಳಿಯಲ್ಲಿ ಆರ್ಸೆನಿಕ್ ತುಂಬಿದ ಆಳದ ಬಾವಿ ನೀರು ಕುಡಿದವರ ಪಾದಗಳು ಕಪ್ಪಾಗಿ ಉದುರುತ್ತಿದ್ದವು. ಅದನ್ನು ಕಪ್ಪುಪಾದ ರೋಗ ಎಂದೇ ಕರೆದರು. ನಳದ ನೀರು ಬಂದ ಮೇಲೆ ಅದು ಇಳಿಯಿತು. ನಿಮ್ಮದೇ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು (ಕರಾವಳಿಯದಲ್ಲ, ಅಲ್ಲಿನದೇ ಊರು) ಚಿನ್ನದ ಗಣಿಯ ಆಸುಪಾಸಿನಲ್ಲಿ, ಬೋರ್ ನೀರಿನಲ್ಲಿ ಆರ್ಸೆನಿಕ್ ಇದ್ದದ್ದೂ ಜನರ ಚರ್ಮದ ಮೇಲೆ ಅದರ ಗುರುತು ಎದ್ದದ್ದೂ ದಾಖಲಾಗಿದೆ. ಅಂಗೈ ಅಂಗಾಲುಗಳಲ್ಲಿ ಗಂಟು ಗಂಟು ಗಟ್ಟಿ ಚರ್ಮ, ಮೈಮೇಲೆ ಮಳೆಹನಿ ಬಿದ್ದಂಥ ಮಚ್ಚೆ ಇದ್ದರೆ ನನಗೆ ಅನುಮಾನ ಬರುತ್ತದೆ. ಇಲ್ಲದಿದ್ದರೆ ಹನ್ನೆರಡು ವರ್ಷದ ಶುಗರೂ ಬೀಡಿಯೂ ಸಾಕಷ್ಟು ಕಾರಣ. ಅನುಮಾನವಿದ್ದರೆ ನೀರನ್ನು ಪರೀಕ್ಷೆಗೆ ಕೊಡಿಸಿ. ಲೀಟರಿಗೆ 10 ಮೈಕ್ರೋಗ್ರಾಂ ಮಿತಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ.

ಕಾಯಬಾರದ ಹೊತ್ತುಗಳು ಮೂರು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡು ಮರಗಟ್ಟಿದರೆ ಐದಾರು ಗಂಟೆಯಷ್ಟೇ ಅವಕಾಶ. ಬಿಸಿನೀರು, ಬೆಂಕಿಯ ಕಾವು ಕೊಡಬೇಡಿ, ಗಾಡಿ ಹತ್ತಿಸಿ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಹತ್ತು ನಿಮಿಷದಲ್ಲಿ ಸರಿಹೋದರೂ, ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ಎದೆ ಹಿಡಿದರೆ ಕಲಬುರಗಿಗೇ ಹೋಗಬೇಕೆಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ ಆ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ.

ಇನ್ನು ಪಾದ. ಪುಷ್ಯದ ಹೊತ್ತಿಗೆ ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಮೊಳೆಯಂತೆ ನಿಂತಿರುತ್ತದೆ. ಶುಗರಿನಿಂದ ಸ್ಪರ್ಶ ಹೋದ ಪಾದಕ್ಕೆ ಅದು ಚುಚ್ಚಿದ್ದೂ ತಿಳಿಯುವುದಿಲ್ಲ, ರಕ್ತ ಸಾಲದೆ ಅದು ಮಾಯುವುದೂ ಇಲ್ಲ. ರಾತ್ರಿ ಊಟಕ್ಕೆ ಮುಂಚೆ ತಂದೆಯವರ ಎರಡೂ ಪಾದ ಬೆಳಕಿಗೆ ಹಿಡಿದು ಬೆರಳ ಸಂದಿಯನ್ನೂ ಸೇರಿಸಿ ನೋಡುವ ಕೆಲಸ ಮನೆಯಲ್ಲಿ ಯಾರಾದರೂ ಒಬ್ಬರು ವಹಿಸಿಕೊಳ್ಳಿ. ಅವರಿಗೇ ಬಿಡಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳೆಲ್ಲ, ನುಂಗುವ ಗುಳಿಗೆಗಳ ಖಾಲಿ ಪಟ್ಟಿಗಳು, ಕಂಬ ಬರೆದ ಕ್ಯಾಲೆಂಡರಿನ ಹಾಳೆ ಇಷ್ಟನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಅವರನ್ನು ಹೊಸ ಬೂಟು ಹಾಕಿಸಿ ಕರೆದೊಯ್ಯಬೇಡಿ. ಹೊಲಕ್ಕೆ ಹಾಕುವ ಚಪ್ಪಲಿಯಲ್ಲೇ ಬರಲಿ. ಅದರ ಅಟ್ಟೆ ಎಲ್ಲಿ ಸವೆದಿದೆ, ಒಳಗೆ ಮುಳ್ಳು ಮುರಿದು ಕೂತಿದೆಯೇ ಎಂದು ಡಾಕ್ಟರು ತಿರುವಿ ನೋಡಬೇಕು. ನೋಡದಿದ್ದರೆ ನೀವೇ ತೋರಿಸಿ.